ಬಾಣಂತಿ ಖೋಲಿಯ ಮಾಳಿಗೆ

ನನ್ನ ಚೊಚ್ಚಲ ಬಾಣಂತನ ತವರಿನಲ್ಲಿ ಆಗಲಿಲ್ಲ. ಹೀಗೆಂದರೆ ಈಗಿನ ಹುಡುಗಿಯರು, ಎಲ್ಲಿ ಆದರೇನು, ಕೂಸು ಗಟ್ಟಿಮುಟ್ಟಾಗಿ ಹುಟ್ಟಿತಲ್ಲ ಎನ್ನುತ್ತಾರೆ. ಹುಟ್ಟಿತು, ಖರೆ. ಆ ಕೂಸಿನ ತಲೆಗೂದಲು ಈಗ ಬೆಳ್ಳಗಾಗುತ್ತಿದೆ. ಆದರೂ ಆ ಮಾತನ್ನು ನಾನು ಇಂದಿಗೂ ಮರೆತಿಲ್ಲ. ನಮ್ಮ ಕಡೆ ಎರಡನೆಯ ಹೆರಿಗೆ, ಮೂರನೆಯ ಹೆರಿಗೆ ಗಂಡನ ಮನೆಯವರದು. ಮೊದಲನೆಯದು ಮಾತ್ರ ಹೆಣ್ಣಿನ ತಾಯಿಯ ಹಕ್ಕು, ಅದನ್ನು ಯಾರೂ ಕಸಿದುಕೊಳ್ಳುವಂತಿಲ್ಲ. ನನ್ನ ಅವ್ವನಿಗೆ ಮಗಳೆಂದು ಇದ್ದವಳು ನಾನೊಬ್ಬಳೇ. ಅಂದರೆ ಅವಳಿಗೆ ಆ ಹಕ್ಕು ಬರುವುದು ಜನ್ಮದಲ್ಲಿ ಒಂದೇ ಸಲ. ಅದೂ ಕೈತಪ್ಪಿತು. ತಪ್ಪಿಸಿದವರು ಯಾರು ಎಂದರೆ ಬೆರಳು ಮಾಡಿ ತೋರಿಸಲು ಒಬ್ಬ ಮನುಷ್ಯನೂ ಸಿಗುವುದಿಲ್ಲ. ಇದ್ದದ್ದು ಒಂದು ಸೋರುವ ಮಾಳಿಗೆ.

ಎಪ್ಪತ್ತರ ದಶಕದ ನಡುವಿನ ಮಾತು ಇದು. ಬಸವನ ಬಾಗೇವಾಡಿಯಲ್ಲಿ ನಮ್ಮದು ಮುತ್ಯಾ, ಅಂದರೆ ಅಪ್ಪನ ಅಪ್ಪ, ಕಟ್ಟಿಸಿದ ಮನೆ. ಗೋಡೆಗಳೆಲ್ಲ ಕಲ್ಲಿನವು. ಮೇಲೆ ಮಾತ್ರ ಮಣ್ಣು. ಗೋಡೆಯಿಂದ ಗೋಡೆಗೆ ತೊಲೆ, ತೊಲೆಯ ಮೇಲೆ ಒತ್ತೊತ್ತಾಗಿ ಜಂತಿ, ಜಂತಿಯ ಮೇಲೆ ಹಲಗೆಯ ಚೂರು, ಅದರ ಮೇಲೆ ಬೇವಿನ ತಪ್ಪಲು, ಎಲ್ಲದರ ಮೇಲೆ ಮೊಳದೆತ್ತರಕ್ಕೆ ಮಣ್ಣು. ಇಂತಹ ಮಾಳಿಗೆಯ ಕೆಳಗೆ ಬೇಸಿಗೆಯಲ್ಲಿ ಮಲಗಿದವರಿಗೇ ಅದರ ತಂಪು ಗೊತ್ತು. ಆದರೆ ಅದು ಪುಕ್ಕಟೆ ಸಿಗುವ ಸುಖವಲ್ಲ. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಹಳ್ಳದ ದಂಡೆಯಿಂದ ಬೆಳ್ಳನೆಯ ಸವಳು ಮಣ್ಣು ತಂದು ಮೇಲೆ ಹರಡಿ, ನೀರು ಚಿಮುಕಿಸಿ, ಬಡಿದು ಗಟ್ಟಿ ಮಾಡಬೇಕು. ಆ ಮಣ್ಣು ನೀರು ಕಂಡೊಡನೆ ಅಂಟಿಕೊಂಡು ಕೂತು ಒಂದು ಹನಿಯನ್ನೂ ಕೆಳಗೆ ಬಿಡುವುದಿಲ್ಲ. ನಾನು ಬಸುರಾಗುವ ಹಿಂದಿನ ಕೆಲವು ವರ್ಷ ಮಳೆ ನಮ್ಮ ಸೀಮೆಗೆ ಕೈಕೊಟ್ಟಿತ್ತು. ಸೋರದ ಮಾಳಿಗೆಗೆ ಮಣ್ಣೇಕೆ ಎಂದು ಅಪ್ಪ ನಿಚ್ಚಣಿಕೆ ಹತ್ತಲಿಲ್ಲ. ಊರಿನಲ್ಲಿ ಯಾರೂ ಹತ್ತಲಿಲ್ಲ. ಮೇಲೆ ಮಣ್ಣು ಬಿರಿಯಿತು, ಇಲಿಗಳು ಅಲ್ಲಿ ಸಂಸಾರ ಹೂಡಿದವು.

ಪಡಸಾಲೆಯ ಹಿಂದೆ ಒಂದು ಕತ್ತಲೆಯ ಖೋಲಿ. ವರ್ಷವಿಡೀ ಅದರಲ್ಲಿ ಜೋಳದ ಚೀಲ ಮತ್ತು ಕೌದಿಗಳ ಗಂಟು ಇರುತ್ತಿದ್ದವು. ಆದರೂ ಎಲ್ಲರೂ ಅದನ್ನು ಬಾಣಂತಿ ಖೋಲಿ ಎಂದೇ ಕರೆಯುತ್ತಿದ್ದರು. ನಾನು ಹುಟ್ಟಿದ್ದು ಅಲ್ಲಿ. ಆಯಿ, ಅಂದರೆ ಅಪ್ಪನ ಅವ್ವ, ಅಪ್ಪನನ್ನು ಹೆತ್ತದ್ದೂ ಅಲ್ಲಿಯೇ.

ಸಿಂದಗಿಗೆ ನನ್ನನ್ನು ಕೊಟ್ಟು ಆಗ ಒಂದು ವರ್ಷವಾಗಿತ್ತು. ಗಂಡನ ಮನೆಯವರದು ಅರಿವೆ ಅಂಗಡಿ. ಮನೆ ಹೊಸದು, ಸಿಮೆಂಟಿನ ಸ್ಲ್ಯಾಬು ಹಾಕಿದ್ದು. ಆ ಓಣಿಗೆ ಅದೇ ಮೊದಲ ಸ್ಲ್ಯಾಬು. ಅತ್ತೆ ಕೆಟ್ಟವರಲ್ಲ. ಆದರೆ ನಾಲ್ಕು ಹನಿ ಮಳೆ ಬಿದ್ದರೆ ಸಾಕು, ಬಾಗಿಲಲ್ಲಿ ನಿಂತು, ‘ನಮ್ಮ ಮನಿ ಸೋರಂಗಿಲ್ಲ ನೋಡ್ರಿ’ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು. ನಾನು ಒಳಗೆ ರೊಟ್ಟಿ ಬಡಿಯುತ್ತ ಹಲ್ಲು ಕಡಿಯುತ್ತಿದ್ದೆ. ಬೇಸಿಗೆಯಲ್ಲಿ ಅದೇ ಸ್ಲ್ಯಾಬಿನ ಕೆಳಗೆ ನಾವೆಲ್ಲ ಬದನೆಕಾಯಿಯಂತೆ ಬೇಯುತ್ತಿದ್ದುದನ್ನು ಮಾತ್ರ ಅವರು ಯಾರಿಗೂ ಹೇಳುತ್ತಿರಲಿಲ್ಲ.

ಆ ವರ್ಷ ನಾಗರ ಪಂಚಮಿಗೆ ತವರಿಗೆ ಬಂದಾಗ ನನಗೆ ಐದು ತಿಂಗಳು. ಹಬ್ಬ ಮುಗಿದರೂ ಅವ್ವ ನನ್ನನ್ನು ಕಳಿಸುವ ಮಾತೆತ್ತಲಿಲ್ಲ. ಏಳನೆಯ ತಿಂಗಳಲ್ಲಿ ಗಂಡನ ಮನೆಯಲ್ಲಿ ಕುಬಸ ಮಾಡುತ್ತಾರಲ್ಲ, ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ಕಾರ್ಯ, ಅದಕ್ಕೊಮ್ಮೆ ಹೋಗಿ ಬಂದರೆ ಸಾಕು ಎಂಬುದು ಅವಳ ಲೆಕ್ಕಾಚಾರ.

‘ಅಲ್ಲಿತನಕ ನನ್ನ ಕಣ್ಣ ಮುಂದ ಇರು’ ಎಂದಳು.

ಗಂಡನ ಮನೆಯವರೂ ಹೂಂ ಎಂದರು. ಅವ್ವ ಅಂದಿನಿಂದಲೇ ತಯಾರಿಗೆ ಬಿದ್ದಳು. ಬಾಣಂತಿ ಖೋಲಿಯ ಜೋಳದ ಚೀಲಗಳು ಅಡುಗೆಮನೆಗೆ ಬಂದವು. ಖೋಲಿಯನ್ನು ಸಾರಿಸಿ ಹೊರಸು ಹಾಕಿದಳು. ತನ್ನ ಹಳೆಯ ಸೀರೆಗಳನ್ನು ಹರಿದು ಕೂಸಿನ ತಲೆಗೆ ಅಂಗೈಯಗಲದ ಕುಂಚಿಗೆ ಹೊಲಿದಳು. ಅಂಟಿನುಂಡೆಗೆಂದು ಅಂಟು, ಉತ್ತತ್ತಿ, ಕೊಬ್ಬರಿ ತಂದು ಡಬ್ಬಿಗಳಲ್ಲಿ ಬಚ್ಚಿಟ್ಟಳು. ನಾನು ಅವುಗಳನ್ನು ಹುಡುಕಿ ತಿನ್ನುತ್ತಿದ್ದೆ, ಅವಳು ಜಾಗ ಬದಲಿಸುತ್ತಿದ್ದಳು.

‘ಇನ್ನ ನಾಕು ತಿಂಗಳ ಐತಿ ಬೇ ಯವ್ವಾ, ಈಗ ಯಾಕ ಇಷ್ಟು ಒದ್ದ್ಯಾಡತಿ?’ ಎಂದು ನಾನು ನಗುತ್ತಿದ್ದೆ.

‘ನೀ ಸುಮ್ಮ ಕುಂದರು. ನನಗ ಇನ್ನೊಬ್ಬಾಕಿ ಮಗಳು ಎಲ್ಲಿ ಅದಾಳ?’ ಎನ್ನುತ್ತಿದ್ದಳು.

ಹುಬ್ಬಿ, ಅಂದರೆ ಪುಬ್ಬಾ ನಕ್ಷತ್ರದ ಮಳೆ ಶುರುವಾಯಿತು. ವರ್ಷಗಟ್ಟಲೆ ಮುಖ ತೋರಿಸದ ಮಳೆ ಬಾಕಿಯನ್ನೆಲ್ಲ ಒಮ್ಮೆಲೇ ತೀರಿಸುವಂತೆ ಸುರಿಯಿತು. ಮೊದಲು ಖೋಲಿಯ ಮೂಲೆಯ ಜಂತಿ ಕಪ್ಪಾಯಿತು. ಆಮೇಲೆ ಅಲ್ಲಿಂದ ರಾಡಿ ನೀರು ಗೋಡೆಗುಂಟ ಇಳಿಯಿತು. ಅವ್ವ ಅಡುಗೆಮನೆಯ ಪಾತ್ರೆಗಳನ್ನೆಲ್ಲ ಸೋರುವಲ್ಲಿ ತಂದಿಟ್ಟಳು. ಒಂದು ಮಧ್ಯಾಹ್ನ ನಾನು ಹೊರಸಿನಿಂದೆದ್ದು ನೀರು ಕುಡಿಯಲು ಪಡಸಾಲೆಗೆ ಬಂದಿದ್ದೆ. ಹಿಂದೆ ಧಡ್ ಎಂದು ಸದ್ದಾಯಿತು. ತಿರುಗಿ ಹೋಗಿ ನೋಡಿದರೆ ನನ್ನ ತಲೆದಿಂಬಿನ ಮೇಲೆ ಒಂದು ಬುಟ್ಟಿಯಷ್ಟು ಹಸಿ ಮಣ್ಣು ಬಿದ್ದಿತ್ತು. ಅವ್ವ ಅದನ್ನು ನೋಡಿದಳು, ನನ್ನನ್ನು ನೋಡಿದಳು, ಹೊರಸನ್ನು ಪಡಸಾಲೆಗೆ ಎಳೆದು ತಂದಳು.

ಮರುದಿನವೇ ಅಪ್ಪ ಮನೆ ಕಟ್ಟುವ ಗೌಂಡಿಯನ್ನು ಕರೆತಂದ. ಹಿಂದಿನ ಓಣಿಯ ಮುಸಲ್ಮಾನರ ಮುದುಕ, ನಮಗೆಲ್ಲ ಗೌಂಡಿ ಕಾಕಾ. ಅವನು ಮೇಲೆ ಹತ್ತಿ ಸಲಾಕೆಯಿಂದ ಅಲ್ಲಲ್ಲಿ ಚುಚ್ಚಿ ನೋಡಿದ. ಇಳಿದು ಬಂದು, ಮಣ್ಣು ಪೂರಾ ಕೆಡವಿ, ಕೆಟ್ಟ ಜಂತಿ ತೆಗೆದು ಹೊಸದಾಗಿ ಮುಚ್ಚಬೇಕು, ಬಿಸಿಲು ಕೊಟ್ಟರೆ ದೊಡ್ಡ ಕೆಲಸವಲ್ಲ ಎಂದ. ಅಷ್ಟರಲ್ಲಿ ಅವನ ಕಣ್ಣು ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕುಳಿತ ನನ್ನ ಮೇಲೆ ಬಿತ್ತು. ಕೈಯೊಳಗಿನ ಸಲಾಕೆಯನ್ನು ಕೆಳಗಿಟ್ಟ.

‘ಮಗಳು ಬಸರ ಅದಾಳೇನ್ರಿ?’

‘ಹೌದು’ ಎಂದ ಅಪ್ಪ.

‘ಹಂಗಿದ್ರ ನಾ ಈಗ ಗುದ್ದಲಿ ಹಾಕಂಗಿಲ್ರಿ. ಬಸರ ಹೆಣ್ಮಗಳು ಇರೂ ಮನಿ ನಾವು ಒಡಿಯಂಗಿಲ್ಲ. ನಮ್ಮ ಮನ್ಯಾಗೂ ಹಂಗ ನಡಕೋತೀವಿ. ನಾಳೆ ಏನರ ಹೆಚ್ಚುಕಮ್ಮಿ ಆದ್ರ ನಾ ಈ ಓಣ್ಯಾಗ ಹೆಂಗ ಅಡ್ಡ್ಯಾಡ್ಲಿ?’

ಆಯಿ ಕಟ್ಟೆಯ ಮೇಲೆ ಕುಳಿತಲ್ಲಿಂದಲೇ ತಲೆಯಾಡಿಸಿದಳು. ಅವಳ ಮುಂದೆ ಈ ವಿಷಯದಲ್ಲಿ ಯಾರೂ ತುಟಿ ಬಿಚ್ಚುವಂತಿರಲಿಲ್ಲ. ಅವಳು ಬಸುರಿದ್ದಾಗ ಮುತ್ಯಾ ತಲಬಾಗಿಲು ಅಗಲ ಮಾಡಿಸಲೆಂದು ಹೊಸ್ತಿಲು ಎಬ್ಬಿಸಿದ್ದನಂತೆ. ಆ ಸಲ ಅವಳಿಗೆ ಹುಟ್ಟಿದ ಹೆಣ್ಣುಕೂಸು ಅಳಲೇ ಇಲ್ಲ. ಅದರ ನಂತರ ಅಪ್ಪ ಹುಟ್ಟಿದ. ಆದರೂ ಆಯಿ ಆ ಹೊಸ್ತಿಲನ್ನು ದಾಟುವಾಗ ಒಂದು ಕ್ಷಣ ನಿಲ್ಲುವುದನ್ನು ನಾನು ಸಣ್ಣವಳಿದ್ದಾಗಿನಿಂದ ನೋಡಿದ್ದೆ. ಮೂಢನಂಬಿಕೆ ಎಂದು ಇವತ್ತು ಹೇಳುವುದು ಸುಲಭ. ಆ ಮುಖದ ಎದುರು ನಿಂತು ಹೇಳುವುದು ಸುಲಭವಿರಲಿಲ್ಲ.

ಅವ್ವ ಮಾತ್ರ ಹೇಳಿದಳು. ಮದುವೆಯಾಗಿ ಬಂದಾಗಿನಿಂದ ಅತ್ತೆಯ ಎದುರು ದನಿ ಎತ್ತದವಳು, ಅಂದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಳು.

‘ಅತ್ತಿ, ಅದು ಹೊಸ್ತಲಾ, ಇದು ಮಾಳಿಗಿ. ಮ್ಯಾಲಾಗಿ ಇಕಿ ಈಗ ನಮ್ಮ ಮನಿಯಾಕಿ ಅಲ್ರಿ, ಸಿಂದಗಿ ಮನಿಯಾಕಿ. ಕೊಟ್ಟ ಹೆಣ್ಣಿಗೆ ಈ ಮನಿ ದೋಷ ಹೆಂಗ ತಟ್ಟತೈತ್ರಿ?’

ಆಯಿ ಕೂಗಾಡಲಿಲ್ಲ. ‘ಕೊಟ್ಟ ಹೆಣ್ಣಾದ್ರ ಈ ಖೋಲಿ ಯಾರಿಗಿ ಸಜ್ಜ ಮಾಡಾಕತ್ತಿ?’ ಎಂದು ಕೇಳಿದಳು.

ನಾನು ನಡುವೆ ಬಾಯಿ ಹಾಕಿ, ನನಗೇನೂ ಆಗುವುದಿಲ್ಲ, ಕೆಡವಿರಿ ಎಂದೆ. ಇಬ್ಬರೂ ಒಟ್ಟಿಗೇ ತಿರುಗಿ ನನ್ನನ್ನು ಗದರಿದರು. ಆ ಮನೆಯಲ್ಲಿ ಅತ್ತೆ ಸೊಸೆ ಒಂದಾದದ್ದನ್ನು ನಾನು ಕಂಡದ್ದು ಅದೊಂದು ಸಲ.

ಕೊನೆಗೆ ಆಯಿಯೇ ಒಂದು ದಾರಿ ಹುಡುಕಿದಳು. ಮಣ್ಣು ಕೆಡವುವುದಕ್ಕೆ ತಾನೇ ಅಡ್ಡಿ? ಏರಿಸುವುದಕ್ಕೆ ಅಡ್ಡಿ ಇಲ್ಲವಲ್ಲ. ಪ್ರತಿ ವರ್ಷ ಏರಿಸುತ್ತಿದ್ದುದೇ. ಅಪ್ಪನಿಗೆ ಹೋದ ಜೀವ ಬಂದಂತಾಯಿತು. ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಎರಡು ಬಂಡಿ ಸವಳು ಮಣ್ಣು ತರಿಸಿ, ಖೋಲಿಯ ಮೇಲೆ ಬಿರಿದಲ್ಲೆಲ್ಲ ಸುರಿಸಿ ಬಡಿಸಿದ. ಗೌಂಡಿ ಕಾಕಾ ಕೂಡ, ಏರಿಸುವುದಾದರೆ ದೋಷವಿಲ್ಲ ಎಂದು ತಾನೇ ನಿಂತು ಮಾಡಿಸಿದ. ನಾವೆಲ್ಲ ಬಲು ಜಾಣರೆಂದು ಅಂದುಕೊಂಡೆವು. ಒಂದು ವಾರ ಹನಿಯೂ ಸೋರಲಿಲ್ಲ. ಅವ್ವ ಮತ್ತೆ ಹೊರಸು ಹಾಕಿದಳು.

ಕೆಳಗಿನ ಹಳೆಯ ಮಣ್ಣು ಮೊದಲೇ ನೀರು ಕುಡಿದು ಭಾರವಾಗಿ ಕೂತಿತ್ತು ಎನ್ನುವುದು ಒಬ್ಬರ ತಲೆಗೂ ಹೊಳೆಯಲಿಲ್ಲ. ಮುಂದಿನ ಮಳೆಗೆ ಮೇಲಿನ ಹೊಸ ಮಣ್ಣೂ ಕುಡಿಯಿತು. ನಾವು ಊಟಕ್ಕೆ ಕುಳಿತಾಗ ಖೋಲಿಯಿಂದ ಕಟ್ಟಿಗೆ ಸೀಳಿದ ಸದ್ದು ಬಂತು. ನಡುವಿನ ತೊಲೆ ಬಿರುಕು ಬಿಟ್ಟು ಹೊಟ್ಟೆಯಂತೆ ಕೆಳಗೆ ಜೋತಿತ್ತು. ಅಪ್ಪ ಓಡಿಹೋಗಿ ಎಲ್ಲಿಂದಲೋ ಒಂದು ಬೇವಿನ ಕವಲು ಕಂಬ ತಂದು ಅದಕ್ಕೆ ಆಸರೆ ಕೊಟ್ಟ. ತೊಟ್ಟಿಲು ತೂಗಬೇಕಾದ ಜಾಗದಲ್ಲಿ ಸರಿಯಾಗಿ ಆ ಕಂಬ ಬಂದು ನಿಂತಿತು.

ಈಗ ಕೆಡವದೆ ಗತಿಯಿಲ್ಲ, ನಾನಿದ್ದರೆ ಕೆಡವುವಂತಿಲ್ಲ. ಎಲ್ಲರ ಕಣ್ಣೂ ನನ್ನ ಹೊಟ್ಟೆಯ ಮೇಲೆ. ಅವ್ವ ನನ್ನನ್ನು ಇಂಡಿಯಲ್ಲಿರುವ ತನ್ನ ಅಣ್ಣನ ಮನೆಗೆ ಕಳಿಸಿ, ಕೆಲಸ ಮುಗಿದೊಡನೆ ಕರೆಸಿಕೊಳ್ಳುವ ಹಂಚಿಕೆ ಹಾಕಿದಳು. ಆ ಸುದ್ದಿ ನನಗಿಂತ ಮೊದಲು ಸಿಂದಗಿ ಮುಟ್ಟಿತು. ನನ್ನ ಗಂಡ ಬಸ್ಸು ಹತ್ತಿ ಬಂದು ಪಡಸಾಲೆಯಲ್ಲಿ ಕುಳಿತು, ತಲೆ ತಗ್ಗಿಸಿ, ಅತ್ತೆಯ ಮಾತನ್ನು ಒಪ್ಪಿಸಿದರು.

‘ನಮ್ಮ ಮನಿ ಇರುವಾಗ ಮಂದಿ ಮನ್ಯಾಗ ಯಾಕ ಇಡಬೇಕು ಅಂತ ಅವ್ವ ಕೇಳ್ಯಾಳ್ರಿ. ಹೆಂಗೂ ಕುಬಸ ಬಂತು. ಕರಕೊಂಡು ಹೋಗ್ತೇನಿ. ನಿಮ್ಮ ಕೆಲಸ ಮುಗಿದ ಮ್ಯಾಲ ಕರಕೊಂಡ ಬರ್ರಿ.’

ತಪ್ಪು ಮಾತು ಒಂದೂ ಇರಲಿಲ್ಲ. ಆರು ತುಂಬಿ ಏಳಕ್ಕೆ ಬಿದ್ದೊಡನೆ ನಾನು ಹೊರಟೆ. ಬಸ್‌ಸ್ಟ್ಯಾಂಡಿನಲ್ಲಿ ಅವ್ವ ಕಿಟಕಿಯ ಸಳಿ ಹಿಡಿದು ನಿಂತಳು.

‘ಸೀರಿ ಎರಡ ಒಯ್ಯಿ. ಉಳಿದದ್ದೆಲ್ಲಾ ಇಲ್ಲೇ ಇರಲಿ. ದೀಪಾವಳಿ ಪಾಡ್ಯಾಕ್ಕ ನಾನ ಬಂದು ಕರಕೊಂಡ ಬರ್ತೇನಿ.’

‘ಎಂಟರಾಗ ಕಳಸಂಗಿಲ್ಲಲ್ಲ ಬೇ’ ಎಂದೆ.

‘ಎಂಟು ಬೀಳೂದರಾಗ ಬರ್ತೇನಿ ಅಂದ್ನೆಲ್ಲ’ ಎಂದು ನನ್ನ ಮೇಲೆಯೇ ಸಿಟ್ಟು ಮಾಡಿದಳು.

ಎಂಟನೆಯ ತಿಂಗಳಲ್ಲಿ ಬಸುರಿ ಊರ ಗಡಿ ದಾಟಬಾರದು ಎನ್ನುವುದು ಎರಡೂ ಮನೆಗಳು ಒಪ್ಪಿದ ಕಟ್ಟು. ಅಂದರೆ ಅವ್ವನ ಕೈಯಲ್ಲಿ ಉಳಿದದ್ದು ಹೆಚ್ಚೆಂದರೆ ಒಂದು ತಿಂಗಳು. ಬಸ್ಸು ಡೋಣಿ ಹೊಳೆ ದಾಟುವಾಗ ನೀರು ಎರಡೂ ದಂಡೆಗೆ ತಾಗಿ ಹರಿಯುತ್ತಿತ್ತು. ಈ ಮಳೆ ಎಂದು ನಿಂತೀತು ಎಂದು ನೋಡುತ್ತ ಕುಳಿತೆ.

ಮುಂದಿನದನ್ನು ನಾನು ಕಣ್ಣಾರೆ ಕಂಡಿಲ್ಲ. ಅಪ್ಪ, ಅವ್ವ ಆಮೇಲೆ ಬಿಡಿಬಿಡಿಯಾಗಿ ಹೇಳಿದ್ದು. ನಾನು ಹೋದ ಮರುದಿನ ಬೆಳಗಿನಿಂದಲೇ ಮಾಳಿಗೆ ಕೆಡವಿದರು. ಮುತ್ಯಾನ ಕಾಲದಿಂದ ಏರಿಸುತ್ತಲೇ ಬಂದ ಮಣ್ಣು, ಒಮ್ಮೆಯೂ ಇಳಿಸಿದ್ದಿಲ್ಲ. ಅಂಗಳದಲ್ಲಿ ಗುಡ್ಡ ಬಿತ್ತು, ಬಾಗಿಲಿಗೆ ಹೋಗಲು ದಾರಿ ಉಳಿಯಲಿಲ್ಲ. ಇಷ್ಟು ಭಾರದ ಕೆಳಗೆ ನಾವು ಮೂರು ತಲೆಮಾರು ಮಲಗಿ ಎದ್ದೆವಲ್ಲ ಎಂದು ಅಪ್ಪ ಬಾಯಿ ತೆರೆದು ನಿಂತನಂತೆ. ತೊಲೆಯ ತುದಿ ಗೋಡೆಯೊಳಗೆ ಹಿಟ್ಟಾಗಿತ್ತು. ಅದಕ್ಕೆ ಬಡಿಗೇರನನ್ನು ಕರೆಸಿ ಹೊಸ ತೊಲೆ ಕೂಡಿಸಿದರು. ಅಷ್ಟಕ್ಕೆ ನಿಲ್ಲಿಸಿ ಮತ್ತೆ ಮಣ್ಣು ಮುಚ್ಚಿದ್ದರೆ ದಸರೆಯ ಹೊತ್ತಿಗೆ ಕೆಲಸ ಮುಗಿಯುತ್ತಿತ್ತು. ಅವ್ವ ಅದನ್ನೇ ಹೇಳಿದಳು.

‘ಹಳೇ ಮಣ್ಣ ಹಾಕಿ ಮುಚ್ಚಿಬಿಡ್ರಿ. ನನ್ನ ಮಗಳ ಬಾಣಂತನ ಒಂದ ಮುಗದ್ರ ಸಾಕು. ಆಮ್ಯಾಲ ಬೇಕಾದ್ದ ಮಾಡಸ್ರಿ.’

ಅಪ್ಪ ಕೇಳಲಿಲ್ಲ. ನನ್ನ ದಿಂಬಿನ ಮೇಲೆ ಬಿದ್ದ ಮಣ್ಣು ಅವನ ಕಣ್ಣಿಗೆ ಕಟ್ಟಿತ್ತು. ‘ಕೂಸಿನ ಮ್ಯಾಲ ಮಣ್ಣ ಬಿದ್ರ ಏನ ಮಾಡ್ತಿ? ಈ ಸಲ ಕಲ್ಲು ಹಾಕಸ್ತೇನಿ. ಜನ್ಮದಾಗ ಸೋರಬಾರದು’ ಎಂದ. ಸಿಂದಗಿಯ ಸ್ಲ್ಯಾಬಿನ ಮಾತುಗಳೂ ಅವನ ಕಿವಿಯಲ್ಲಿ ಇದ್ದವೆಂದು ನನ್ನ ಗುಮಾನಿ. ಬೀಗರ ಎದುರು ತಲೆಯೆತ್ತಿ, ಬಂದು ನೋಡಿರಿ ನನ್ನ ಮಗಳ ಖೋಲಿಯನ್ನು ಎನ್ನುವ ಆಸೆ ಯಾವ ತಂದೆಗಿರುವುದಿಲ್ಲ?

ಚಪ್ಪಟೆ ಹಾಸಿನ ಪರಸಿ ಕಲ್ಲಿಗೆ ತಾಳಿಕೋಟೆಗೆ ಹೋದ. ಕಲ್ಲು ತುಂಬಿಕೊಂಡು ಹೊರಟ ಲಾರಿ ಮುದ್ದೇಬಿಹಾಳ ಮುಟ್ಟುವ ಮೊದಲೇ ಹಳ್ಳ ಬಂದು ರಸ್ತೆ ಕೊಚ್ಚಿಹೋಗಿ ನಿಂತುಬಿಟ್ಟಿತು. ಅತ್ತ ಲಾರಿ ಕೆಸರಿನಲ್ಲಿ, ಇತ್ತ ಖೋಲಿ ಆಕಾಶಕ್ಕೆ ಬಾಯಿ ತೆರೆದುಕೊಂಡು. ಬರಿಯ ತೊಲೆ ಜಂತಿಗಳ ನಡುವಿನಿಂದ ಮಳೆ ಒಳಗೇ ಬಿದ್ದು, ಬಾಣಂತಿ ಖೋಲಿಯ ನೆಲ ಕೆಸರಾಯಿತು. ಅವ್ವ ದಿನಾ ಬೆಳಗ್ಗೆ ಬುಟ್ಟಿಯಿಂದ ನೀರು ಗೋರಿ ಹೊರಗೆ ಚೆಲ್ಲುತ್ತಿದ್ದಳಂತೆ.

ಕುಬಸಕ್ಕೆ ಅವ್ವ ಬುತ್ತಿ ಕಟ್ಟಿಕೊಂಡು ಸಿಂದಗಿಗೆ ಬಂದಳು. ಅವಳ ಉಗುರ ಸಂದಿಯಲ್ಲಿ ಸುಣ್ಣ ಮೆತ್ತಿಕೊಂಡಿತ್ತು. ಕಲ್ಲು ಬಂದಿದೆ, ಹಾಕುತ್ತಿದ್ದಾರೆ, ಪಾಡ್ಯಕ್ಕೆ ತಪ್ಪುವುದಿಲ್ಲ ಎಂದಳು. ಅತ್ತೆ ಅವಳ ಕೈಗೆ ಎಲೆ ಅಡಿಕೆ ಕೊಡುತ್ತ, ಮೆತ್ತಗೆ ಅಂದರು.

‘ಬ್ಯಾಸರಾ ಮಾಡಕೋಬ್ಯಾಡ್ರಿ ಬೀಗರ. ಹಸಿ ಗೋಡಿ, ಹಸಿ ಸುಣ್ಣ. ಮುಂದ ಥಂಡಿ ದಿನಾ. ಅಂಥ ಖೋಲ್ಯಾಗ ಬಾಣಂತಿ ಮಲಗಿದ್ರ ಎಳೇ ಮೈಗೆ ಥಂಡಿ ಹೊಗತೈತಿ. ಪೂರಾ ಒಣಗಲಿ. ಒಂಬತ್ತರಾಗ ಕರಕೊಂಡ ಹೋಗ್ರಿ, ನಾ ಬ್ಯಾಡ ಅನ್ನಂಗಿಲ್ಲ.’

ಅವ್ವ ನನ್ನ ಕಡೆ ನೋಡಿದಳು. ಅತ್ತೆ ಹೇಳಿದ್ದನ್ನೇ ಅವಳೂ ತನ್ನ ಸೊಸೆಗಾದರೆ ಹೇಳುತ್ತಿದ್ದಳು. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ‘ಹೌದ್ರಿ, ಒಣಗಬೇಕ್ರಿ’ ಎಂದಳು. ಎಂಟು ಬಿದ್ದಿತು. ಕಟ್ಟು ಕಟ್ಟೇ. ನಾನು ಸಿಂದಗಿಯ ಸ್ಲ್ಯಾಬನ್ನು ನೋಡುತ್ತ ಬಿದ್ದುಕೊಂಡೆ. ಅದರ ಮೇಲೆ ಒಂದು ಕಲೆಯೂ ಇರಲಿಲ್ಲ. ಅಷ್ಟು ಚೊಕ್ಕಟವಿದ್ದ ಅದನ್ನು ಕಂಡರೆ ನನಗೆ ಅಳು ಬರುತ್ತಿತ್ತು.

ಒಂಬತ್ತಕ್ಕೆ ಬಿದ್ದ ಮೇಲೆ ಅಪ್ಪ ದಿನ ನೋಡಿಸಿ ಹೇಳಿಕಳಿಸಿದ. ಬಸ್ಸಿನ ಕುಲುಕಾಟ ಬೇಡವೆಂದು ಬಾಡಿಗೆ ಕಾರು ಮಾಡಿಕೊಂಡು ಬರುತ್ತೇನೆ ಎಂದ. ನಾನು ಆ ಎರಡು ಸೀರೆಗಳನ್ನು ಮಡಿಚಿ ಚೀಲದಲ್ಲಿ ಇಟ್ಟುಕೊಂಡು ಕುಳಿತೆ. ಅವನು ಬರುವ ಹಿಂದಿನ ದಿನ ಬೆಳಗ್ಗೆ ನನಗೆ ಬ್ಯಾನೆ ಶುರುವಾದವು. ದಿನ ತುಂಬಿರಲಿಲ್ಲ, ಸುಳ್ಳು ಬ್ಯಾನೆ ಇರಬಹುದು ಎಂದರು. ಸುಳ್ಳಾಗಲಿ ಎಂದು ನಾನು ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ನನ್ನ ಹರಕೆಗೆ ಕಿವಿಗೊಡುವಷ್ಟು ಪುರುಸೊತ್ತು ಆ ಕೂಸಿಗೆ ಇರಲಿಲ್ಲ. ಸಂಜೆಯ ಹೊತ್ತಿಗೆ ಗಂಡುಮಗು ಹುಟ್ಟಿತು. ಸೂಲಗಿತ್ತಿಯೂ ಚಲೋ ಹೆಂಗಸು, ಅತ್ತೆಯೂ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೇ ಕುಳಿತಿದ್ದರು. ನಾನು ಮಾತ್ರ ಅವ್ವಾ ಅವ್ವಾ ಎಂದು ಚೀರಿದ್ದೇ ಚೀರಿದ್ದು.

ಮರುದಿನ ಬಾಗಿಲಿಗೆ ಕಾರು ಬಂತು. ಹಿಂದಿನ ಸೀಟಿಗೆ ಅವ್ವ ಎರಡು ಕೌದಿ ಹಾಸಿ ಕಳಿಸಿದ್ದಳಂತೆ. ಅಪ್ಪ ಹೊಸ ಧೋತರ ಉಟ್ಟು, ಟೋಪಿ ಸರಿಮಾಡಿಕೊಳ್ಳುತ್ತ ಇಳಿದ. ಬಾಗಿಲಲ್ಲೇ ಸುದ್ದಿ ಹೇಳಿದರು. ಅತ್ತೆ ಸಕ್ಕರೆ ಕೊಟ್ಟರು. ಅವನು ಬಾಯಲ್ಲಿ ಹಾಕಿಕೊಂಡು, ನಕ್ಕು, ಎಲ್ಲರಿಗೂ ಕೈಮುಗಿದು, ನಾನು ಮಲಗಿದ್ದ ಕೋಣೆಯ ಹೊಸ್ತಿಲಿಗೆ ಬಂದು ನಿಂತ. ಬಾಣಂತಿಯ ಕೋಣೆ, ಒಳಗೆ ಬರುವಂತಿಲ್ಲ. ಮೊಮ್ಮಗನನ್ನು ದೂರದಿಂದ ನೋಡಿದ.

‘ಖೋಲಿ ಒಣಗೈತಿ, ಮಗಳ’ ಎಂದ. ‘ನಿಮ್ಮವ್ವ ತಿಂಗಳಾನಗಟ್ಲೆ ಕುಳ್ಳಿನ ಕೆಂಡಾ ಇಟ್ಟು ಒಣಗಸ್ಯಾಳ. ಗ್ವಾಡಿಗೆ ಗಲ್ಲಾ ಹಚ್ಚಿ ನೋಡ್ಯಾಳ. ಒಂದೀಟೂ ಹಸಿ ಇಲ್ಲ.’

ನಾನು ಗೋಡೆಯ ಕಡೆ ಹೊರಳಿ ಮಲಗಿದೆ. ಅವನು ಖಾಲಿ ಕಾರಿನಲ್ಲಿ ಬಾಗೇವಾಡಿಗೆ ಹೋದ.

ಹೆರಿಗೆ ಆದ ಮನೆಯಲ್ಲೇ ಬಾಣಂತನ. ಕೂಸಿಗೆ ಮೂರು ತಿಂಗಳು ತುಂಬದೆ ಹೊರಗೆ ಒಯ್ಯುವಂತಿಲ್ಲ. ಅವ್ವ ನೋಡಲು ಬಂದಳು, ಅಂಟಿನುಂಡೆಯ ದೊಡ್ಡ ಡಬ್ಬಿ ಹೊತ್ತು. ಬೀಗತಿ ಎಂದು ಅವಳಿಗೆ ಚಾಪೆ ಹಾಸಿ ಚಹಾ ಕೊಟ್ಟರು. ನನಗೆ ನೀರು ಹಾಕುವ ಹೊತ್ತಾಯಿತು. ಅವ್ವ ಕಪ್ಪು ಕೆಳಗಿಟ್ಟು, ಸೆರಗು ಸಿಕ್ಕಿಸಿಕೊಳ್ಳುತ್ತ ಬಚ್ಚಲ ಕಡೆ ಎದ್ದಳು.

‘ನೀವ್ಯಾಕ್ರಿ? ದಣದು ಬಂದೀರಿ, ಕುಂದರ್ರಿ. ನಮ್ಮಲ್ಲಿ ನೀರ ಹಾಕಾಕ ಹೆಣ್ಮಗಳು ಅದಾಳ್ರಿ’ ಎಂದರು ಅತ್ತೆ. ಗೌರವದಿಂದಲೇ ಅಂದರು.

ಅವ್ವ ಸಿಕ್ಕಿಸಿಕೊಂಡ ಸೆರಗನ್ನು ಬಿಚ್ಚಿ ಮತ್ತೆ ಚಾಪೆಯ ಮೇಲೆ ಕುಳಿತಳು. ಬಚ್ಚಲಲ್ಲಿ ನೀರು ಬೀಳುವ ಸದ್ದನ್ನು ಅವಳು ಹೊರಗೆ ಕುಳಿತು ಕೇಳಿದಳು. ಆಯಿಯ ಮಾತು ನಂಬಿದ್ದು ತಪ್ಪೇ? ಗೌಂಡಿ ಕಾಕಾ ಗುದ್ದಲಿ ಎತ್ತದಿದ್ದುದು ತಪ್ಪೇ? ಅಪ್ಪ ಕಲ್ಲಿನ ಆಸೆ ಬಿಟ್ಟಿದ್ದರೆ ಸಾಕಿತ್ತು, ಅನ್ನೋಣವೆ? ಎಲ್ಲರೂ ನನಗಾಗಿಯೇ ಮಾಡಿದರು. ನನ್ನ ಕೂಸಿಗೆ ಕೆಡುಕಾಗಬಾರದೆಂದೇ ಒಬ್ಬೊಬ್ಬರೂ ಒಂದೊಂದು ದಿನ ತಡಮಾಡಿದರು. ಒಬ್ಬರಾದರೂ ಕೆಟ್ಟವರಿದ್ದಿದ್ದರೆ ಬೈದು ಹಗುರಾಗುತ್ತಿದ್ದೆ. ಆ ಸಮಾಧಾನವೂ ನನಗೆ ಸಿಗಲಿಲ್ಲ.

ಕೂಸಿಗೆ ನಾಲ್ಕು ತಿಂಗಳು ತುಂಬುವ ಹೊತ್ತಿಗೆ, ಯುಗಾದಿಗೆ, ನನ್ನನ್ನು ತವರಿಗೆ ಕಳಿಸಿದರು. ಖೋಲಿಯನ್ನು ಆಗ ನೋಡಿದೆ. ಹೊಸ ತೊಲೆಗೆ ಎಣ್ಣೆ ಬಳಿದಿದ್ದರು. ಮೇಲೆ ಸಾಲಾಗಿ ಕೂಡಿಸಿದ ನುಣ್ಣನೆಯ ಪರಸಿ, ಸಂದಿಗಳಲ್ಲಿ ಗಚ್ಚು, ಗೋಡೆಗೆ ಬಿಳಿ ಸುಣ್ಣ. ಊರಿನಲ್ಲಿ ಅಷ್ಟು ಚಂದದ ಖೋಲಿ ಇನ್ನೊಂದಿರಲಿಲ್ಲ. ಆಯಿ ನನ್ನ ಕೈ ಹಿಡಿದುಕೊಂಡು ಕುಳಿತಳು. ಕೂಸಿನ ಅಂಗಾಲು ಮುಟ್ಟಿ, ಗಟ್ಟಿ ಐತಿ, ಗಟ್ಟಿ ಐತಿ ಎಂದು ಮತ್ತೆ ಮತ್ತೆ ಅಂದಳು.

ಅವ್ವ ಮೊಮ್ಮಗನಿಗೆ ನೀರು ಹಾಕಲು ಕಾಲು ನೀಡಿ ಕುಳಿತಳು. ಅವನು ಅವಳ ಕಾಲ ಮೇಲೆ ಮೈ ಬಿಗಿ ಹಿಡಿದು, ಉಸಿರು ಕಟ್ಟುವಂತೆ ಅತ್ತ. ಅಜ್ಜಿ ಎಂದರೆ ಅವನಿಗೆ ಸಿಂದಗಿಯ ಅಜ್ಜಿಯೇ. ಅವ್ವ ಹಾಡಿದಳು, ಬಾಯಿಂದ ಗುಬ್ಬಿಯ ಸದ್ದು ಮಾಡಿದಳು. ಅವನು ನಿಲ್ಲಿಸಲಿಲ್ಲ.

‘ನನ್ನ ಕೈ ಇವಗ ಗುರ್ತ ಇಲ್ಲ’ ಎಂದು ಅವನನ್ನು ಎತ್ತಿ ನನಗೆ ಕೊಟ್ಟಳು. ನನ್ನ ಹೆಗಲಿಗೆ ಬಂದೊಡನೆ ಅವನು ಸುಮ್ಮನಾದ.

ಮರುದಿನ ಕೂಸು ಮಲಗಿದ ಮೇಲೆ ಅವ್ವ ನನ್ನನ್ನು ಕರೆದಳು. ಬಾಣಂತಿ ಖೋಲಿಯ ಬಾಗಿಲು ಮುಚ್ಚಿದ್ದಳು. ಹೊರಸಿನ ಕೆಳಗೆ ಕೆಂಡ, ಮೇಲೆ ಕೌದಿ, ಪಕ್ಕದಲ್ಲಿ ಎಣ್ಣೆಯ ಬಟ್ಟಲು. ಹೊರಗೆ ನೆತ್ತಿ ಸುಡುವ ಬಿಸಿಲು. ಒಳಗಿನ ಹೊಗೆಗೆ ನನಗೆ ಕೆಮ್ಮು ಬಂತು.

‘ಏನ ಬೇ ಇದು? ಕೂಸಿಗೆ ನಾಕು ತಿಂಗಳಾತು. ನಾ ಈಗ ಬಾಣಂತಿ ಅಲ್ಲ’ ಎಂದೆ. ಖರೆ ಹೇಳಬೇಕೆಂದರೆ ಸ್ವಲ್ಪ ಸಿಡುಕಿಯೇ ಅಂದೆ.

‘ಗೊತ್ತೈತಿ. ಸುಮ್ಮ ಮಲಕೋ’ ಎಂದಳು ಅವ್ವ. ‘ಇದು ನಿನಗಲ್ಲ. ನನಗ.’

ನಾನು ಮಲಗಿದೆ. ಅವಳು ನೆತ್ತಿಗೆ ಎಣ್ಣೆ ತಟ್ಟಿದಳು, ಬೆನ್ನು ತಿಕ್ಕಿದಳು, ಹೊಟ್ಟೆಯನ್ನು ನಿನ್ನೆ ಹೆತ್ತವಳ ಹೊಟ್ಟೆಯಂತೆ ಹಗುರಾಗಿ ನೀವಿದಳು. ಆಮೇಲೆ ಕೈ ಹಿಡಿದು ಬಚ್ಚಲಿಗೆ ನಡೆಸಿಕೊಂಡು ಹೋಗಿ, ಮಣೆಯ ಮೇಲೆ ಕೂಡಿಸಿ, ಹಂಡೆಯಿಂದ ಚೆಂಬು ಚೆಂಬು ನೀರು ಬೆನ್ನಿಗೆ ಹಾಕತೊಡಗಿದಳು. ಎಷ್ಟು ತಡೆದರೂ ಕೇಳದೆ ನನಗೆ ಬಿಕ್ಕಿ ಬಿಕ್ಕಿ ಅಳು ಬಂತು. ಅವಳ ಕೈ ನಿಂತಿತು.

‘ಸುಡತೈತೇನವ್ವಾ?’ ಎಂದಳು.

‘ಹೂಂ ಬೇ, ಸುಡತೈತಿ’ ಎಂದೆ.

ಅವಳು ಹಂಡೆಗೆ ಎರಡು ಚೆಂಬು ತಣ್ಣೀರು ಬೆರೆಸಿದಳು. ನೀರು ಉಗುರುಬೆಚ್ಚಗಾಯಿತು. ನಾನು ಅಳುತ್ತಲೇ ಇದ್ದೆ, ಅವಳು ಹಾಕುತ್ತಲೇ ಇದ್ದಳು.